ಅಸಹಜ ಕೊಂಡಿಗಳು

ಮಂಗಳವಾರ ಬೆಳಗ್ಗೆ ದೊರಿಂದಾ
ಹುಡುಕುವ ಪೆಟ್ಟಿಗೆಗೆ ತನ್ನ ಹೆಸರನ್ನೇ ಹಾಕಿ ನೋಡಿದಳು.
ಮಾಲ್ಪಿಕಾ, ಬಲೆ, ಕೈಹೆಣಿಗೆ.
ಮೊದಲ ಪುಟದಲ್ಲಿಲ್ಲ. ನಾಲ್ಕರಲ್ಲಿಲ್ಲ.
ಒಂಬತ್ತರಲ್ಲಿ ಯಾವುದೋ ಸೊಳ್ಳೆಪರದೆಯ ಜಾಹೀರಾತು.
ಸತ್ತಿದ್ದರೆ ಇಗರ್ಜಿಯ ಗಂಟೆಯಾದರೂ ಬಡಿಯುತ್ತಿತ್ತು.

ಎರಡು ವಾರದಿಂದ ಫೋನು ಸುಮ್ಮನಿದ್ದದ್ದಕ್ಕೆ
ಈಗ ಅರ್ಥ ಬಂತು.
ಲುಗೋದ ಶಾಲೆಗಳು ಗೋಲಿನ ಬಲೆ ಕೇಳಲಿಲ್ಲ,
ಬ್ರೆಮೆನ್ನಿನ ಸರ್ಕಸ್ಸಿನವರು
ಬೀಳುವವರನ್ನು ಹಿಡಿಯುವ ಬಲೆ ಕೇಳಲಿಲ್ಲ.
ನಾದಿನಿ ಎರುಂದಿನಾ ಸೂಜಿಗೆ ನೂಲು ಸುತ್ತುತ್ತ
ಯಾರದೋ ಕಣ್ಣು ಬಿದ್ದಿದೆ ಅಂದಳು.

ಕಣ್ಣಲ್ಲ, ಒಂದು ನೋಟೀಸು.
ಯಾರೂ ತೆರೆಯದ ಅಂಚೆಡಬ್ಬಿಯ ತಳದಲ್ಲಿ
ಹದಿನಾರು ದಿನದಿಂದ ಕೂತಿತ್ತು:
ನಿಮ್ಮ ಜಾಲತಾಣಕ್ಕೆ ಅಸಹಜ ಕೊಂಡಿಗಳು.
ಸಹಿಯಿಲ್ಲ, ಮುಖವಿಲ್ಲ. ಆದರೂ
ನೋಡಿದ್ದು ಯಂತ್ರವಲ್ಲ, ಮನುಷ್ಯನೇ ಅಂತೆ.
ಎಲ್ಲೋ ಕೂತವನೊಬ್ಬ ಇವಳ ಅಂಗಳ ಇಣುಕಿ
ತಲೆಯಲ್ಲಾಡಿಸಿದ್ದಾನೆ.

ನಮ್ಮ ನುಡಿಯಲ್ಲಿ ಕೊಂಡಿ
ಚಿಲಕದ್ದೂ ಹೌದು, ಚೇಳಿನದೂ ಹೌದು.
ದೊರಿಂದಾಳ ಭಾಷೆಗೆ ಅದು ಗೊತ್ತಿಲ್ಲ,
ಆದರೆ ಕುಟುಕಿದ್ದು ಕುಟುಕಿದ್ದೇ.

ಹೋದ ವರ್ಷ ವೀಗೋದಿಂದ ಬ್ರೈಸ್ ಬಂದಿದ್ದ,
ತೆಳ್ಳನೆ ಬೂಟು, ದಪ್ಪನೆ ಮಾತು.
ತಿಂಗಳಿಗೆ ತೊಂಬತ್ತು ಯೂರೊ ಕೊಡಿ,
ಬಲೆ ಅಂದವರೆಲ್ಲ ನಿಮ್ಮ ಬಾಗಿಲಿಗೇ.
ಬಂದರು ಕೂಡ. ಎಂಟು ತಿಂಗಳು.
ಹೇಗೆ ಅಂತ ಇವಳು ಕೇಳಲಿಲ್ಲ.

ವಾಚನಾಲಯದ ಸಬೇಲಾ ಪಟ್ಟಿ ಇಳಿಸಿಕೊಟ್ಟಳು,
ಸಾವಿರದ ನೂರ ಮೂವತ್ತೆಂಟು ಸಾಲು.
ಜೂಜಿನ ಮನೆ, ಬೋಳುತಲೆಯ ಎಣ್ಣೆ,
ತಾಲಿನ್ನಿನ ಮುಚ್ಚಿಹೋದ ಟೈಲ್ಸ್ ಅಂಗಡಿ,
ಬರೀ ನಾಯಿಗಳ ಹೆಸರು ಬರೆದಿಟ್ಟ ಒಂದು ತಾಣ,
ಎಲ್ಲದರಿಂದಲೂ ಒಂದೊಂದು ನೂಲು
ಇವಳ ಹೊಸ್ತಿಲಿಗೆ.
ಬಂದರಿನಲ್ಲಿ ತಲೆಯೆತ್ತದೆ ನಡೆದವಳಿಗೆ
ಇಷ್ಟೊಂದು ನೆಂಟರು!

ಎಲ್ಲಾ ಒಮ್ಮೆಗೇ ಕತ್ತರಿಸಿಬಿಡಲೇ?
ಬೇಡ, ಒಳ್ಳೆಯವೂ ಇವೆ ಇದರೊಳಗೆ, ಅಂದಳು ಸಬೇಲಾ.
ಇದು ದೊರಿಂದಾಳಿಗೆ ಗೊತ್ತಿದ್ದ ಕೆಲಸ.
ದೋಣಿಯ ಹುಡುಗರು ಅವಸರದಲ್ಲಿ
ಕಂಡಕಂಡಲ್ಲಿ ಚೂರಿ ಹಾಕುತ್ತಾರೆ.
ಹೆಣೆಯುವವಳು ಮೊದಲು ಕೈಯಾಡಿಸುತ್ತಾಳೆ,
ಕೊಳೆತದ್ದು ಬೆರಳಿಗೇ ತಿಳಿಯುತ್ತದೆ.

ಮೂರು ವಾರ. ಗಿಡ್ಡ ಕುರ್ಚಿ,
ಬಲೆ ಹಾಸಿಕೊಳ್ಳುವ ತೊಡೆಯ ಮೇಲೆ ಲ್ಯಾಪ್‌ಟಾಪು.
ಒಬ್ಬೊಬ್ಬರಿಗೂ ಪತ್ರ: ದಯವಿಟ್ಟು ನನ್ನ ಹೆಸರು ತೆಗೆಯಿರಿ.
ನಲವತ್ತಾರು ಮಂದಿ ತೆಗೆದರು.
ಇಬ್ಬರು ದುಡ್ಡು ಕೇಳಿದರು,
ಕಟ್ಟಲಿಕ್ಕೂ ಕೂಲಿ, ಬಿಚ್ಚಲಿಕ್ಕೂ ಕೂಲಿ.
ಉಳಿದವರ ಮನೆಗೆ ಬಾಗಿಲೇ ಇರಲಿಲ್ಲ.
ಅವರನ್ನೆಲ್ಲ ಒಂದು ಕಡತಕ್ಕೆ ಇಳಿಸಿ
ಇವರು ನನ್ನವರಲ್ಲ ಎಂದು ಒಪ್ಪಿಸಿದಳು.

ಮೊದಲ ಅರ್ಜಿಯಲ್ಲಿ ಬರೆದಳು:
ನಾನು ವಿಧವೆ, ನನಗೇನೂ ತಿಳಿಯದು, ಎಲ್ಲ ಬ್ರೈಸ್ ಮಾಡಿದ್ದು.
ಹನ್ನೊಂದು ದಿನಕ್ಕೆ ಉತ್ತರ: ಇನ್ನೂ ಸಾಲದು.
ಆ ರಾತ್ರಿ ಊಟ ಬಿಟ್ಟಳು,
ಎರುಂದಿನಾಳ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದಳು.

ಎರಡನೆಯದು ಚಿಕ್ಕದು.
ದುಡ್ಡು ಕೊಟ್ಟವಳು ನಾನೇ.
ಕೇಳಬೇಕಿತ್ತು, ಕೇಳಲಿಲ್ಲ, ವ್ಯಾಪಾರ ಚೆನ್ನಾಗಿತ್ತು.
ಬಿಚ್ಚಿದ್ದು ಇಷ್ಟು, ಬಿಚ್ಚಲಾಗದ್ದು ಇಷ್ಟು, ಪಟ್ಟಿ ಜೊತೆಗಿದೆ.

ಕಾಯುವ ದಿನಗಳಲ್ಲಿ ತಾಣದ ಪುಟಗಳನ್ನೂ ಹರವಿಕೊಂಡಳು.
ಅಗ್ಗದ ಬಲೆ ಉತ್ತಮ ಬಲೆ ಅಗ್ಗದ ಬಲೆ ಎಂದು
ಬ್ರೈಸ್ ತುರುಕಿದ್ದ ಕಡೆ
ಬೂತಾಯಿಗೆ ಎಷ್ಟು ಬೆರಳಗಲದ ಕಣ್ಣು,
ಉಪ್ಪು ಕುಡಿದ ನೈಲಾನು ಹೇಗೆ ಕರಕರ ಅನ್ನುತ್ತದೆ,
ಎಡಗೈಯವರು ಸೂಜಿ ಹಿಡಿಯುವ ಬಗೆ.
ಯಾರು ಹುಡುಕಿಯಾರೇ ಇದನ್ನು, ನಾದಿನಿ ನಕ್ಕಳು.
ಹುಡುಕದಿದ್ದರೆ ಬೇಡ.

ಒಂದು ಗುರುವಾರ, ಒಂದೇ ಸಾಲು: ಕ್ರಮ ಹಿಂತೆಗೆಯಲಾಗಿದೆ.
ಹಳೆಯ ಜಾಗ ಮಾತ್ರ ಯಾರೂ ಕಾದಿರಿಸಿರಲಿಲ್ಲ.
ಮೂರನೆಯ ಪುಟ,
ಸೊಳ್ಳೆಪರದೆಗಿಂತ ಒಂದು ಮೆಟ್ಟಿಲು ಕೆಳಗೆ.

ಸಂಜೆ ಬ್ರೈಸನ ಸಂದೇಶ:
ಸರಿಹೋಯಿತಂತಲ್ಲ, ಈಗ ಅರವತ್ತಕ್ಕೇ
ಮೇಲೆ ತರುತ್ತೇನೆ.
ಬೆರಳಿಗಂಟಿದ ನೂಲು ಬಿಡಿಸಿಕೊಂಡು
ದೊರಿಂದಾ ಒಂದೇ ಪದ ಒತ್ತಿದಳು:
ಹೇಗೆ?

ಇನ್ನೂ ಉತ್ತರ ಬಂದಿಲ್ಲ.