ಎಡ ಮುಂಗಾಲು

ನಿಲ್ಲು ಮಾರಾಯ್ತಿ, ಬ್ರೆಡ್ಡಿನ ವ್ಯಾನು ಹೋಗಿಬಿಡಲಿ.
ಬ್ರಿಜ್‌ಟೌನಿನಲ್ಲಿ ಈ ಹೊತ್ತಿಗೆ ಎದ್ದಿರುವವರು
ಬ್ರೆಡ್ಡಿನವನು, ನಾನು, ನೀನು,
ಮತ್ತೆ ಈ ಕೀಮಾರ್. ಅವನೂ ಅರ್ಧವೇ ಎದ್ದಿದ್ದಾನೆ.

ರೇಸಿನ ಪುಸ್ತಕದಲ್ಲಿ ನೀನು ‘ಲೇಟ್ ಲೆಟರ್’,
ನನಗೆ ಬರೀ ‘ಏನೇ’.
ನಿನ್ನೆ ನಾಲ್ಕನೆಯವಳಾಗಿ ಬಂದೆ.
ನಾಲ್ಕನೆಯವರ ಫೋಟೋ ಯಾರೂ ತೆಗೆಯುವುದಿಲ್ಲ,
ಕಾಲು ಮಾತ್ರ ಮೊದಲನೆಯವರಷ್ಟೇ ಸುಡುತ್ತದೆ.
ಒಂಬತ್ತು ಫರ್ಲಾಂಗು, ಕಲ್ಲಾದ ಹುಲ್ಲು,
ಬೆನ್ನ ಮೇಲೊಬ್ಬ ಆತುರದ ಹುಡುಗ.
ಇಳಿದವನೇ ತನ್ನ ತಲೆಗೆ ತಾನು ನೀರು ಸುರಿದುಕೊಳ್ಳಲು ಹೋದ.
ನಿನ್ನ ಕತ್ತಿಗೆ, ಎದೆಗೆ, ತೊಡೆಸಂದಿಗೆ ಸುರಿದವನು ನಾನು;
ಸುರಿದು, ಕೆರೆದು ತೆಗೆದು, ಮತ್ತೆ ಸುರಿದು,
ಇಳಿವ ನೀರು ಬೆಚ್ಚಗಾಗುವುದು ನಿಲ್ಲುವವರೆಗೆ.

ಆಮೇಲೆ ಕಾಲು.
ಮೀನುಮಾರ್ಕೆಟ್ಟಿನ ಐಸು, ಎರಡು ಬಕೆಟ್ಟು,
ತಳದಲ್ಲಿ ಹಾರುಮೀನಿನ ಹುರುಪೆ ಮಿನುಗುತ್ತಿತ್ತು.
ಮೂಗು ಸೊಟ್ಟ ಮಾಡಿದೆ, ಮಹಾರಾಣಿ,
ಆದರೂ ಇಪ್ಪತ್ತು ನಿಮಿಷ ನಿಂತೆ.
ನಾನು ಗಡಿಯಾರ ನೋಡುವುದಿಲ್ಲ.
ಇಪ್ಪತ್ತು ನಿಮಿಷವೆಂದರೆ ಅಮ್ಮ ಹಾಡುತ್ತಿದ್ದ ಕೀರ್ತನೆ ಐದು ಸಲ;
ಮೂರನೆಯ ಚರಣ ಮರೆತಿದೆ,
ಅಲ್ಲಿ ಸುಮ್ಮನೆ ಗುಂಯ್‌ಗುಡುತ್ತೇನೆ.

ರಾತ್ರಿ ಜೇಡಿ ಮೆತ್ತಿ, ಕಂದು ಕಾಗದ ಸುತ್ತಿ, ಪಟ್ಟಿ ಕಟ್ಟಿದ್ದೆ.
ಈಗ ಬಿಚ್ಚಿದರೆ ಮೂರು ಕಾಲಲ್ಲಿ ಜೇಡಿ ಇನ್ನೂ ಹಸಿ,
ಎಡ ಮುಂಗಾಲಿನದು ಒಣಗಿ ಬಿರಿದಿದೆ.
ಕೀಮಾರ್ ಮುಟ್ಟಿ ನೋಡಿದ: ‘ಏನಿಲ್ಲ ಮಾಮ.’
ಅವನ ಕೈ ಇನ್ನೂ ಕೈಯಾಗಿಲ್ಲ.
ಅಂಗೈ ಇಡಬೇಡವೋ, ಅದು ದುಡಿದು ದಡ್ಡುಗಟ್ಟಿ ದಡ್ಡಾಗಿರುತ್ತದೆ,
ಕೈಯ ಹಿಂಬದಿ ಇಡು, ಕಣ್ಣು ಮುಚ್ಚು.
ಮೊಣಕಾಲ ಕೆಳಗೆ ನಾಲ್ಕು ಬೆರಳು ಬಿಟ್ಟು,
ಹಿಂದಿನ ಹುರಿನರದ ಮೇಲೆ,
ಅಲ್ಲಿ.
ಎಳ್ಳಷ್ಟು ಬಿಸಿ.
ಯಾರೋ ಕೂತು ಎದ್ದುಹೋದ ಕುರ್ಚಿಯ ಬಿಸಿ.

ಅದಕ್ಕೇ ಈ ಸಮುದ್ರ. ಬಾ.
ಕತ್ತಲಲ್ಲಿ ನೀರು ಎಲ್ಲಿ ಶುರುವಾಯಿತೋ ತಿಳಿಯಲಿಲ್ಲ,
ನಿನ್ನ ಕಿವಿ ನಿಮಿರಿದಾಗ ತಿಳಿಯಿತು.
ಗೊರಸಿನ ಗಂಟಿಗೆ, ಮೊಣಕಾಲಿಗೆ, ಎದೆಗೆ,
ಆಮೇಲೆ ನಿನ್ನ ಭಾರವನ್ನೆಲ್ಲ
ಒಂದು ನಿಟ್ಟುಸಿರಿನಲ್ಲಿ ನೀರಿಗೆ ಒಪ್ಪಿಸಿದೆ.
ನನಗೂ ಹಾಗೇ ಆಗುತ್ತದೆ, ಕುತ್ತಿಗೆವರೆಗೆ ಬಂದಾಗ:
ಅರವತ್ಮೂರು ವರ್ಷ ಯಾರೋ ಹಿಡಿದುಕೊಂಡಂತೆ,
‘ಸ್ವಲ್ಪ ಕೊಡು, ನೀನು ಕೈ ಆರಿಸಿಕೊ’ ಅಂದಂತೆ.

ಮರಳಿಗೆ ಬಂದಾಗ ಬೆಳಕಾಗಿತ್ತು.
ಕೀಮಾರ್ ಕಿರುಚಿದ. ಹೆಜ್ಜೆಯ ಸಾಲಿನಲ್ಲಿ ಕೆಂಪು.
ಎದೆ ಝಲ್ಲೆಂದಿತು. ನಿನ್ನ ಗೊರಸು ಒಂದೊಂದಾಗಿ ಎತ್ತಿ ನೋಡಿದೆ,
ನಾಲ್ಕೂ ಮರಳು ತೊಳೆದ ಬಟ್ಟಲಿನಂತಿದ್ದವು.
‘ಮಾಮ, ಅವಳದಲ್ಲ. ನಿನ್ನದು.’

ಹಿಮ್ಮಡಿಯಲ್ಲಿ ಏಳು ಕಪ್ಪು ಮುಳ್ಳು.
ಕಲ್ಲಿನ ಬದಿ ಕೂತಿರುತ್ತವಲ್ಲ, ಆ ಕಡಲ ಮುಳ್ಳುಂಡೆ.
ಯಾವಾಗ ತುಳಿದೆನೋ.
ಸಕ್ಕರೆ ಕಾಯಿಲೆಯ ಕ್ಲಿನಿಕ್ಕಿನಲ್ಲಿ ನರ್ಸು ಮಿಸೆಸ್ ಆಲೀನ್
ನೈಲಾನ್ ಎಳೆಯಿಂದ ಪಾದ ಚುಚ್ಚುತ್ತಾ
‘ಇಲ್ಲಿ ಗೊತ್ತಾಗುತ್ತಾ? ಇಲ್ಲಿ?’ ಎಂದು ಕೇಳುತ್ತಾಳೆ.
ಅವಳ ಭುಜ ಅಲುಗುವುದು ನೋಡಿ ‘ಹೂಂ’ ಅನ್ನುತ್ತೇನೆ.
ಅಪ್ಪನ ಕಾಲನ್ನು ಮೊದಲು ಬೆರಳಿಗೆ ತೆಗೆದರು,
ಆಮೇಲೆ ಮೊಣಕಾಲಿಗೆ.
ನಿನಗೆ ಹೇಳಬಹುದು, ನೀನು ಯಾರಿಗೂ ಹೇಳುವವಳಲ್ಲ.

ಹುಡುಗ ಮಂಡಿಯೂರಿದ್ದಾನೆ.
ಕೈಯ ಹಿಂಬದಿ ನನ್ನ ಪಾದಕ್ಕಿಟ್ಟು
ಕಣ್ಣು ಮುಚ್ಚಿಕೊಂಡಿದ್ದಾನೆ, ಪೆದ್ದ.
‘ಎಡದ್ದು ಬಿಸಿ ಇದೆ ಮಾಮ.’

ಮೊದಲು ಅವಳನ್ನು ತೊಳೆದು ಒರೆಸೋ, ಅಂದೆ.
ಉಪ್ಪು ಒಣಗಿದರೆ ಅವಳಿಗೆ ತುರಿಸುತ್ತದೆ.