ಏಳನೇ ಲೈನು

ನೀರು ಕುಡಿಯಬೇಡಿ ಅಂತ ನಮಗೆ ಯಾರೂ ಹೇಳಿಲ್ಲ.
ಗೋಡೆಯ ಮೇಲಿರುವುದು ಅದರ ಎದುರುಮಾತೇ:
ನೀಲಿ ಹನಿಯೊಂದು ನಗುತ್ತ ಕೈ ಬೀಸುತ್ತದೆ,
ಕೆಳಗೆ ಕಂಪನಿಯ ಮೊಹರು.

ಸೇರಿದ ದಿನ ನನಗೆ ಕಂಡದ್ದು
ಪಕ್ಕದ ಮೆಷಿನ್ನಿನ ಜವರಮ್ಮ.
ದಾರ ಪೋಣಿಸುವುದು, ಕಾಲರಿನ ಮೂಲೆ ತಿರುವುವುದು,
ಎಲ್ಲ ಅವಳ ಕೈ ನೋಡಿಯೇ ಕಲಿತೆ.
ಬಾಟಲಿಯ ಮುಚ್ಚಳ ತೆಗೆಯದೆ ಇರುವುದನ್ನೂ
ಹಾಗೇ ಕಲಿತಿರಬೇಕು,
ಯಾವ ದಿನ ಅಂತ ನೆನಪಿಲ್ಲ.

ಮೂವತ್ತೆರಡು ಜನ, ಟೋಕನ್ ಒಂದೇ:
ಸೂಪರ್‌ವೈಸರ್ ಧರ್ಮೇಶನ ಹತ್ತಿರ ಒಂದು ಮರದ ಬಿಲ್ಲೆ.
ಕೊಡುವುದಿಲ್ಲ ಅನ್ನುವವನಲ್ಲ.
ಕೊಡುವಾಗ ಒಮ್ಮೆ ಗಡಿಯಾರ ನೋಡುತ್ತಾನೆ, ಅಷ್ಟೆ.
ಬೈದಿದ್ದರೆ ನಾವೂ ಬೈಯಬಹುದಿತ್ತು.

ಎದ್ದವಳ ಜಾಗದಲ್ಲಿ ಅಂಗಿಗಳು ರಾಶಿ ಬೀಳುತ್ತವೆ.
ಮುಂದಿನವಳು ಕೆಲಸವಿಲ್ಲದೆ ಕೈಕಟ್ಟಿ ಕೂರುತ್ತಾಳೆ.
ಏನೂ ಅನ್ನುವುದಿಲ್ಲ.
ಆ ಏನೂ ಅನ್ನದಿರುವುದು ಇದೆಯಲ್ಲ,
ಅದು ಸಂಜೆ ಬಸ್ಸು ಹತ್ತಿ
ಶಾಂತಿಗ್ರಾಮದವರೆಗೂ ಪಕ್ಕದಲ್ಲೇ ಕೂತು ಬರುತ್ತದೆ.

ಚುನಾವಣೆಗೆ ಮುಂಚೆ ಗೇಟಿನಾಚೆ
ಸ್ಟೀಲ್ ಬಾಟಲಿ ಹಂಚಿದರು.
ಇವರದು ಸೋಮವಾರ; ಅವರದು ಗುರುವಾರ, ತುಸು ದೊಡ್ಡದು.
ಮನೆಮನೆಗೂ ಹೇಮಾವತಿ ಅಂತ ಇಬ್ಬರೂ ಅಂದರು.
ಮೊದಲು ಯಾರೂ ಕೈ ಚಾಚಲಿಲ್ಲ,
ತಾರಾಮಣಿ ಚಾಚಿದಳು,
ಆಮೇಲೆ ಸಾಲು ರಸ್ತೆ ಮುಟ್ಟಿತು.
ನನ್ನ ಒಂದರಲ್ಲಿ ಈಗ ಬಟನ್ನು, ಇನ್ನೊಂದರಲ್ಲಿ ಮಗನ ಪೆನ್ಸಿಲ್ಲು.
ವೋಟು ಯಾರಿಗೆ ಹಾಕಿದೆ?
ಬಸ್ಸಿನಲ್ಲಿ ಯಾರ ಹೆಸರು ಜೋರಾಗಿ ಕೇಳಿತೋ ಅವರಿಗೆ.

ಉರಿ ಶುರುವಾದಾಗ ಬಾರ್ಲಿ ಗಂಜಿ, ಬಾಳೆದಿಂಡು.
ಲೈನಿನಲ್ಲಿ ಎಲ್ಲರಿಗೂ ಇದ್ದದ್ದೇ, ಎಲ್ಲರೂ ಮಾಡಿದ್ದೇ;
ಎಲ್ಲರಿಗೂ ಇರುವುದನ್ನು ರೋಗ ಅನ್ನುವುದು ಹೇಗೆ?
ಮೂರನೇ ತಿಂಗಳು, ರಜೆ ಸಂಬಳ ಕಳೆದುಕೊಂಡು,
ಹಾಸನದ ದೊಡ್ಡಾಸ್ಪತ್ರೆಯ ಸಾಲಿನಲ್ಲಿ ನಿಂತೆ.
ಡಾಕ್ಟರಮ್ಮ ಚೀಟಿಯಿಂದ ತಲೆಯೆತ್ತದೆ ಅಂದರು:
ದಿನಕ್ಕೆ ಮೂರು ಲೀಟರ್ ಕುಡೀಬೇಕಮ್ಮ.
ನೀವೆಷ್ಟು ಕುಡೀತೀರಿ ಮೇಡಂ?
ಬಾಯಿ ತಪ್ಪಿ ಬಂದುಬಿಟ್ಟಿತು.
ಪೆನ್ನು ನಿಂತಿತು.
ಟೇಬಲ್ಲಿನ ಮೂಲೆಯಲ್ಲಿ ಅವರ ಬಾಟಲಿ, ಕತ್ತಿನವರೆಗೂ ತುಂಬಿದ್ದು.
ಗಂಟೆ ಒಂದೂವರೆ. ಬಾಗಿಲಾಚೆ ಇನ್ನೂ ಅರವತ್ತು ಜನ.
ತುಟಿಯ ಮೇಲೊಂದು ಸೀಳು,
ನನ್ನದಕ್ಕೆ ತಂಗಿಯಂಥದ್ದು.
ಮುಂದಿನವರು ಬನ್ನಿ, ಅಂದರು.

ಹೋದ ತಿಂಗಳು ದುದ್ದದ ಕಡೆಯ ಹುಡುಗಿಯೊಬ್ಬಳು ಸೇರಿದಳು.
ಮೋನಿಷಾ. ಹತ್ತೊಂಬತ್ತು.
ಕಾಲೇಜಿನಲ್ಲಿ ಕಬಡ್ಡಿ ಆಡಿದವಳಂತೆ.
ಗಂಟಲು ಕುಣಿಸುತ್ತ ಗಟಗಟ ಕುಡಿಯುವಳು,
ಸಾರ್, ಟೋಕನ್! ಅನ್ನುವಳು,
ಚಪ್ಪಲಿ ಪಟಪಟ ಅನ್ನಿಸುತ್ತ ಹೋಗಿ ಬರುವಳು.
ನಾವು ಅವಳನ್ನು ನೋಡಲಿಲ್ಲ.
ನೋಡದಿರುವುದರಲ್ಲಿ ನಾವು ಪಳಗಿದವರು.
ಅವಳು ಎದ್ದಾಗ ನಾನು ಕೈಕಟ್ಟಿ ಕೂತೆ.
ನಾನೂ ಏನೂ ಅನ್ನಲಿಲ್ಲ.

ಎರಡನೇ ವಾರಕ್ಕೆ ಅರ್ಧ ಬಾಟಲಿ ಸಂಜೆಗೂ ಉಳಿಯಿತು.
ನಿನ್ನೆ ಮುಚ್ಚಳವೇ ತೆಗೆಯಲಿಲ್ಲ ಹುಡುಗಿ.
ಅವಳ ಕಣ್ಣು ನನ್ನ ಕೈ ಮೇಲಿತ್ತು,
ಕಾಲರಿನ ಮೂಲೆ ತಿರುವುವುದನ್ನು
ಕಲಿಯುತ್ತಿದ್ದಳು.

ರಾತ್ರಿ ಬಟನ್ನುಗಳನ್ನು ತಟ್ಟೆಗೆ ಸುರಿದೆ.
ಯಾಕಮ್ಮ ಅಂತ ಮಗ ಕೇಳಿದ, ಮಲಕೋ ಅಂದೆ.

ಇವತ್ತು ಹತ್ತೂಕಾಲಿಗೆ
ಗುರುವಾರದ ಬಾಟಲಿ ತೆಗೆದು,
ಬೇಕಂತಲೇ ಸದ್ದು ಮಾಡಿ ಕುಡಿದೆ.
ನೀರಿಗೆ ಬಟನ್ನಿನ ವಾಸನೆ.
ಜವರಮ್ಮ ತಲೆಯೆತ್ತಲಿಲ್ಲ,
ಅವಳ ಮೆಷಿನ್ನು ಮಾತ್ರ ಒಂದು ಹೊಲಿಗೆಯಷ್ಟು ತಡೆಯಿತು.
ಎದ್ದು ಹೋಗಿ ಕೈ ಚಾಚಿದೆ.
ಧರ್ಮೇಶ ಗಡಿಯಾರ ನೋಡಿದ, ಕೊಟ್ಟ.

ಬಿಲ್ಲೆ ಬೆಚ್ಚಗಿತ್ತು,
ಬೆಳಗಿನಿಂದ ಅವನೇ ಅದನ್ನು
ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದ ಹಾಗೆ.