ಹಡಗಿನ ಕಿಟಕಿ

ಒಡೆದು ಮಾರಿದ ಹಡಗಿನ ದುಂಡು ಕಿಟಕಿ,
ಗೇಣಗಲ, ಹೆಬ್ಬೆರಳ ದಪ್ಪ,
ಹಿಯುಮಾ ದ್ವೀಪದ ಗುಜರಿಯವನು
ಎರಡು ಬುಟ್ಟಿ ಆಲೂಗಡ್ಡೆಗೆ ಕೊಟ್ಟ.
‘ಮೀನಿನ ತೊಟ್ಟಿಗೆ ಮುಚ್ಚಳವೇ?’ ಅಂದ.
ವೆಲ್ದಾ ಹೂಂ ಅಂದಳು.

ಹಗಲೆಲ್ಲ ಅವಳದು ಫೆರಿ ಹಡಗಿನ ಅಡುಗೆಮನೆ.
ಆಚೆ ದಡಕ್ಕೆ ಒಂದೂಕಾಲು ಗಂಟೆ,
ಅಷ್ಟರಲ್ಲಿ ನೂರಿಪ್ಪತ್ತು ಬಟ್ಟಲು ಬಟಾಣಿ ಸಾರು.
ಸಂಜೆ ಕೊಟ್ಟಿಗೆ. ಉಪ್ಪುಮೀನಿನ ಹಳೆ ಪೀಪಾಯಿ,
ಅದರ ತಲೆ ಮೇಲೆ ಒಂದು ಗಾಜು,
ಗಾಜಿನ ಮೇಲೆ ಕಿಟಕಿಯ ಗಾಜು,
ನಡುವೆ ನೀರು, ಉಜ್ಜುಪುಡಿ.
ಹತ್ತು ಸಲ ಉಜ್ಜು, ಒಂದು ಹೆಜ್ಜೆ ಸರಿ.
ಹತ್ತು ಸಲ ಉಜ್ಜು, ಒಂದು ಹೆಜ್ಜೆ ಸರಿ.
ಗಾಣದ ಎತ್ತು ನಾಚಬೇಕು.

ನವೆಂಬರ್ ಹೋಗಿ ಮಾರ್ಚ್ ಬಂದಾಗ
ಪೀಪಾಯಿಯ ಸುತ್ತ ಮಣ್ಣು ಸವೆದು ಉಂಗುರ,
ಗಾಜಿನ ನಟ್ಟನಡುವೆ ಗುಳಿ:
ಆಳ ಎಷ್ಟು? ಒಂದು ಅಕ್ಕಿಕಾಳಿನ ದಪ್ಪ.
ಐದು ತಿಂಗಳಿಗೆ ಅಷ್ಟೇ.

ಮೊದಲು ರವೆಯಂಥ ಪುಡಿ, ಆಮೇಲೆ ಹಿಟ್ಟಿನಂಥದು,
ಕಡೆಗೆ ರಾಳದ ಮೇಲೆ ಕೆಂಪು,
ಉಗುರಿನ ಸಂದಿಯಲ್ಲಿ ವಾರಗಟ್ಟಲೆ ಉಳಿಯುವ ಕೆಂಪು.
‘ಬೀಟ್‌ರೂಟೇ?’ ಹಡಗಿನಲ್ಲಿ ಕೇಳಿದರು.
ವೆಲ್ದಾ ಹೂಂ ಅಂದಳು.

ರಾತ್ರಿ ಪರೀಕ್ಷೆ:
ಸೂಜಿತೂತಿನ ಡಬ್ಬಿಯೊಳಗೆ ದೀಪ,
ಬೆಳಕಿನ ದಾರಿಗೆ ಅಡ್ಡ ಒಂದು ಕ್ಷೌರದ ಬ್ಲೇಡು.
ಗಾಜಿನ ತುಂಬ ನೆರಳು ಹಬ್ಬಿ
ತಪ್ಪುಗಳೆಲ್ಲ ದಿಣ್ಣೆ, ತಗ್ಗು, ಕಣಿವೆ.
ಬೆರಳು ತಾಗಿಸಿದಲ್ಲಿ ಆ ಬಿಸಿಗೇ ಗುಡ್ಡವೊಂದು ಏಳುತ್ತಿತ್ತು.
ಉಸಿರು ಬಿಗಿಹಿಡಿದು ಕೂತರೆ
ಗುಡ್ಡ ಮೆಲ್ಲಗೆ ಇಳಿದು ಹೋಗುತ್ತಿತ್ತು.
ಎಷ್ಟೋ ರಾತ್ರಿ ಅದನ್ನು ನೋಡುವುದಕ್ಕೇ
ಬೇಕೆಂದೇ ಮುಟ್ಟಿದಳು.

ಕಂಬಳಿ ಸುತ್ತಿ ಟ್ಯಾಲಿನ್ನಿಗೆ ಕಳಿಸಿದ ಗಾಜು
ಬೆಳ್ಳಗೆ ಲೇಪ ಹೊದ್ದು ಮರಳಿದಾಗ ಮೇ.
ಮೇ ಅಂದರೆ ಇಲ್ಲಿ ಇರುಳಿಲ್ಲ.
ಹನ್ನೊಂದಕ್ಕೂ ಅಂಗಳದಲ್ಲಿ ಸೂಜಿಗೆ ದಾರ ಪೋಣಿಸಬಹುದು.
ಹೊಸ ದುರ್ಬೀನು ಕೊಟ್ಟಿಗೆಯಲ್ಲಿ,
ಮದುವೆಗೆ ಸಿಂಗರಿಸಿಕೊಂಡು ದಿಬ್ಬಣ ತಪ್ಪಿದವರ ಹಾಗೆ.

ಆಗಸ್ಟಿನ ನಡುವೆ ಕತ್ತಲೆ ಬಂತು,
ಹಳೆ ಸಾಲ ತೀರಿಸುವವನಂತೆ, ಸ್ವಲ್ಪ ಸ್ವಲ್ಪವೇ.

ಆಕಾಶಗಂಗೆ ಈ ಜನಕ್ಕೆ ಹಕ್ಕಿಗಳ ದಾರಿ.
ನಮ್ಮ ಕೃತ್ತಿಕೆ ಇವರ ಜರಡಿ.
ಸಪ್ತರ್ಷಿಗಳು ಬರೀ ಬಂಡಿ. ಅರುಂಧತಿಯೋ
ಎತ್ತಿನ ಮೇಲೆ ಬಿದ್ದ ತಪ್ಪಿಗೆ
ಎತ್ತಿನ ಪಕ್ಕದಲ್ಲೇ ನೊಗಕ್ಕೆ ಬಿಗಿಸಿಕೊಂಡ ತೋಳ.
ವಸಿಷ್ಠರಿಗೆ ಯಾರೂ ಹೇಳಬೇಡಿ.

ಆದರೆ ಬೇಲಿಯಾಚೆ ಹೆಲ್ದುರನ ಕುರಿದೊಡ್ಡಿ,
ನರಿಯ ಭಯಕ್ಕೆ ಕಂಬದ ತುದಿಗೆ ಬಿಳಿ ದೀಪ,
ಅರ್ಧ ಆಕಾಶಕ್ಕೆ ಸುಣ್ಣ ಬಳಿದ ಹಾಗೆ.
‘ಸ್ವಲ್ಪ ಹೊತ್ತು ಆರಿಸ್ತೀಯಾ?’
‘ನರಿಯನ್ನು ಕೇಳು.’
ಆದರೂ ಒಂದು ಸಂಜೆ ರಬ್ಬರು ಬೂಟಿನಲ್ಲಿ ಬಂದ.
ಹಂಸದ ಕೊಕ್ಕಿನ ಚುಕ್ಕಿ ತೋರಿಸಿದಳು,
ಬರಿಗಣ್ಣಿಗೆ ಒಂದು, ಕೊಳವೆಯಲ್ಲಿ ಜೋಡಿ,
ಒಂದು ಜೇನಿನ ಬಣ್ಣ, ಒಂದು ನೀಲಿ.
ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ.
‘ಎರಡು,’ ಅಂದ.
‘ಎರಡು,’ ಅಂದಳು.
ಚಹಾ ಕುಡಿದ. ಹೋದ.

ಮರುದಿನ ಹತ್ತು ಹೊಡೆದಾಗ ಕಂಬದ ದೀಪ ಆರಿತು.
ಆ ರಾತ್ರಿ ಮೋಡ.
ಅದರ ಮರುರಾತ್ರಿ ಮೋಡ, ಜಡಿ, ಸಮುದ್ರದಿಂದ ಮಂಜು.
ಹತ್ತೊಂಬತ್ತು ರಾತ್ರಿ ಒಂದು ಚುಕ್ಕಿಯಿಲ್ಲ.
ಹತ್ತೊಂಬತ್ತು ರಾತ್ರಿಯೂ ದೀಪ ಆರಿತ್ತು,
ದೊಡ್ಡಿಯ ಬಾಗಿಲಲ್ಲಿ ಯಾರೋ ಕೆಮ್ಮುವ ಸದ್ದು,
ನಾಯಿಯ ಸರಪಳಿ.
ನೋಟುಪುಸ್ತಕದಲ್ಲಿ ತಾರೀಖು ಹಾಕಿ ಬರೆದಳು:
ಮೋಡ. ಹೆಲ್ದುರನ ದೀಪ ಇಲ್ಲ.
ಮೋಡ. ಹೆಲ್ದುರನ ದೀಪ ಇಲ್ಲ.

ಇಪ್ಪತ್ತನೆಯ ರಾತ್ರಿ, ನಾಲ್ಕು ಗಂಟೆಗೆ,
ಹಡಗಿಗೆ ಹೊರಡಲು ಬಾಗಿಲು ತೆಗೆದರೆ
ತಲೆಯ ಮೇಲೆ ಜರಡಿ.
ಚೀಲ ಕೆಳಗಿಟ್ಟಳು. ಬರಿಗಣ್ಣಿಗೆ ಆರು.
ಸಮುದ್ರ ನೋಡುತ್ತಿದ್ದ ಆ ಕಿಟಕಿಯೊಳಗೆ
ಮೂವತ್ತೆಂಟು, ಮೂವತ್ತೊಂಬತ್ತು,
ಅಲ್ಲಿಗೆ ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ.

ಅಂದಿನ ಬಟಾಣಿ ಸಾರಿಗೆ ಎರಡು ಸಲ ಉಪ್ಪು.
‘ನಿದ್ದೆಗೆಟ್ಟಿದ್ದೀಯಾ?’ ಅಂದರು.
ವೆಲ್ದಾ ಹೂಂ ಅಂದಳು.